ನಿಮ್ಮ ನಲ್ಲಿಯ ಉದ್ಘಾಟನೆಗೆ ನಮ್ಮ ಮಗು ಬರುವುದಿಲ್ಲ

ಪರ್ವತ ರೈಲು ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬರುವ ತಿಂಗಳು ನಿಮ್ಮ ಬೆಟ್ಟದ ರೈಲಿನಲ್ಲಿ ಬಿಸಿನೀರಿನ ನಲ್ಲಿಯೊಂದು ಉದ್ಘಾಟನೆಯಾಗಲಿದೆಯಂತೆ. ನೀವು ರಿಬ್ಬನ್ ಕತ್ತರಿಸಿ, ನಲ್ಲಿ ತಿರುಗಿಸಿ, ಆ ನೀರಿನಲ್ಲಿ ಬೆಚ್ಚಗೆ ಮಾಡಿದ ಮೊದಲ ಬಾಟಲಿ ಹಾಲನ್ನು ನಿಮ್ಮ ಕೈಯಾರೆ ಒಂದು ಮಗುವಿಗೆ ಕುಡಿಸುತ್ತೀರಂತೆ. ಆ ಮಗು ನನ್ನ ಮೊಮ್ಮಗಳಾಗಬೇಕೆಂದು ನಿಮ್ಮ ಕಚೇರಿಯಿಂದ ಫೋನ್ ಬಂತು. ಮಗು ಬರುವುದಿಲ್ಲ. ಇಷ್ಟನ್ನು ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಇಲಾಖೆಯಲ್ಲಿ ಖಾಸಗಿಯಾಗಿ ಬರೆದ ಕಾಗದಕ್ಕೆ ಏನು ಗತಿಯಾಗುತ್ತದೆಂದು ನೋಡಿದ್ದೇನೆ. ಹಾಗಾಗಿ ಈ ಸಲ ಎಲ್ಲರಿಗೂ ಕಾಣುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಕಾರಣ ಇಷ್ಟೇ. ಇದೇ ಮಗುವಿಗೆ, ಇದೇ ರೈಲಿನಲ್ಲಿ, ನೀವು ಬ್ಯಾಂಡು ಬಾರಿಸಿ ಮಾಡಹೊರಟಿರುವ ಇದೇ ಕೆಲಸವನ್ನು ಒಬ್ಬ ಮನುಷ್ಯ ಸದ್ದಿಲ್ಲದೆ ಮಾಡಿದ. ಅವನನ್ನು ನೀವು ಇಂಜಿನಿನಿಂದ ಇಳಿಸಿ ಬೋಗಿ ತೊಳೆಯಲು ಹಾಕಿದ್ದೀರಿ. ಅವನ ವಿರುದ್ಧ ನಿಮಗಿದ್ದ ಒಂದೇ ಒಂದು ಸಾಕ್ಷಿ ನಾನು ಅವನನ್ನು ಹೊಗಳಿ ಬರೆದ ಪತ್ರ.

ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಾ ಕಣ್ಣು ಸವೆಸಿದವಳು. ಪಠ್ಯಪುಸ್ತಕದಿಂದ ಹಿಡಿದು ತಿಥಿಯ ಕಾರ್ಡಿನವರೆಗೆ ಎಲ್ಲವನ್ನೂ ಓದಿದ್ದೇನೆ. ಒಂದು ವಾಕ್ಯ ಎಲ್ಲಿ ಕಾಲು ಜಾರುತ್ತದೆಂದು ದೂರದಿಂದಲೇ ಗುರುತಿಸಬಲ್ಲೆನೆಂಬ ಜಂಬ ನನಗಿತ್ತು. ಆ ಜಂಬ ಇಳಿಸಿದ್ದಕ್ಕಾದರೂ ನಿಮಗೆ ಕೃತಜ್ಞಳಾಗಿರಬೇಕೇನೋ.

ವಿಷಯವನ್ನು ಮೊದಲಿನಿಂದ ಹೇಳುತ್ತೇನೆ. ಪತ್ರಿಕೆ ಓದುವವರಿಗೆ ಗೊತ್ತಾಗಲಿ, ನಿಮಗೆ ಗೊತ್ತಿಲ್ಲವೆಂದೇನಲ್ಲ.

ನನ್ನ ಸೊಸೆಗೆ ಮಗು ದಿನ ತುಂಬುವ ಮುಂಚೆಯೇ ಹುಟ್ಟಿತು. ಅಂಗೈಯಲ್ಲಿ ಹಿಡಿಸುವಂಥ ಮಗು. ತಾಯಿಗೆ ಜ್ವರ ಬಂದು ಹಾಲು ಬತ್ತಿತು. ಪುಡಿ ಹಾಲೇ ಗತಿಯಾಯಿತು. ವೈದ್ಯೆ ಎರಡು ಮಾತು ಹೇಳಿದ್ದರು: ಹೊತ್ತು ತಪ್ಪಿಸಬೇಡಿ, ತಣ್ಣಗಿನದು ಕೊಡಬೇಡಿ. ಎರಡನೆಯದನ್ನು ನಾವು ಪಾಲಿಸುವ ಅಗತ್ಯವೇ ಬೀಳಲಿಲ್ಲ, ಮಗುವೇ ಪಾಲಿಸುತ್ತಿತ್ತು. ಹಾಲು ಒಂದಿಷ್ಟು ಆರಿದ್ದರೂ ನಾಲಿಗೆಯಿಂದ ಬಾಟಲಿಯ ರಬ್ಬರನ್ನು ಹೊರಕ್ಕೆ ತಳ್ಳಿ, ಮುಷ್ಟಿ ಬಿಗಿದು, ಬಾಯಿ ಮುಚ್ಚಿಬಿಡುತ್ತಿತ್ತು. ಔಷಧದ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಸೊಸೆ ಊರಿನ ಎಲ್ಲರಿಗೂ ಮಾತ್ರೆ ಎಣಿಸಿ ಕೊಡುವವಳು, ಮನೆಯಲ್ಲಿ ಮಗು ಕುಡಿದ ಗುಟುಕು ಎಣಿಸುತ್ತಾ ರಾತ್ರಿ ಬೆಳಗು ಮಾಡುತ್ತಿದ್ದಳು. ಮಗು ಸ್ವಲ್ಪ ಮೈದುಂಬಿಕೊಂಡ ಮೇಲೆ ವೈದ್ಯೆಯೇ ಹೇಳಿದರು: "ಮಗು ಈಗ ಪರವಾಗಿಲ್ಲ. ನಾನು ಹೆದರ್ತಿರೋದು ತಾಯಿ ಬಗ್ಗೆ. ಎಲ್ಲಾದ್ರೂ ಕರ್ಕೊಂಡು ಹೋಗಿ, ನಾಲ್ಕು ದಿನ ಬೇರೆ ಕಿಟಕಿ ನೋಡ್ಲಿ."

ನನ್ನ ಮಗ ಕನ್ನಡಕದ ಗಾಜು ಉಜ್ಜುವ ಕೆಲಸದವನು. ಮಾತು ಕಡಿಮೆ. ಒಂದು ಸಂಜೆ ಟಿಕೆಟ್ ಹಿಡಿದು ಬಂದ. ಬೆಟ್ಟಕ್ಕೆ ಬಸ್ಸಿಲ್ಲವೇ, ಕಾರಿಲ್ಲವೇ, ಕೈಗೂಸು ಕಟ್ಟಿಕೊಂಡು ಉಗಿಬಂಡಿ ಯಾಕೆಂದು ಕೇಳಿದೆ. "ಸ್ಟೇಷನ್ನಲ್ಲಿ ದೊಡ್ಡ ಚಿತ್ರ ಹಾಕಿದ್ದಾರೆ ಅಮ್ಮ, ನೋಡಿದ್ದೀಯಲ್ಲ" ಎಂದ.

ನೋಡಿದ್ದೆ. ಯಾರು ನೋಡಿಲ್ಲ? ನಿಮ್ಮ ಪ್ರತಿ ನಿಲ್ದಾಣದ ಟಿಕೆಟ್ ಕಿಂಡಿಯ ಪಕ್ಕದಲ್ಲಿ ಆ ಚಿತ್ರವಿದೆ. ಹಸಿರು ಇಂಜಿನ್, ಅದರ ಬಾಗಿಲಿನಿಂದ ಮಸಿ ಮೆತ್ತಿದ ಮುಖದ ಒಬ್ಬ ಬಗ್ಗಿ, ಕೆಳಗೆ ನಿಂತ ತಾಯಿಗೆ ಹಾಲಿನ ಬಾಟಲಿ ಕೊಡುತ್ತಿದ್ದಾನೆ, ತಾಯಿಯ ಹೆಗಲ ಮೇಲೆ ಮಗು ನಗುತ್ತಿದೆ. ಕೆಳಗೆ ದುಂಡನೆಯ ಅಕ್ಷರಗಳಲ್ಲಿ: "ಬೆಟ್ಟ ನಿಮ್ಮನ್ನು ಮಗುವಿನಂತೆ ಎತ್ತಿಕೊಳ್ಳುತ್ತದೆ." ಇದು ಚಿತ್ರಕಾರನ ಕಲ್ಪನೆಯಲ್ಲ, ಮಾನ್ಯರೇ. ನನ್ನ ಮಗ ಕೈಗೂಸಾಗಿದ್ದಾಗ ನಾನೂ ನನ್ನ ಗಂಡನೂ ಅದೇ ರೈಲಿನಲ್ಲಿ ಹೋಗಿದ್ದೆವು. ಅರ್ಧ ಬೆಟ್ಟ ಹತ್ತಿದ ಮೇಲೆ ಇಂಜಿನ್ ನೀರು ಕುಡಿಯಲು ನಿಲ್ಲುತ್ತಿತ್ತು. ನಿಂತ ಕೂಡಲೇ ಗಂಡಸರು ಬಾಟಲಿ ಹಿಡಿದು ಇಂಜಿನಿನ ಬಳಿ ಸಾಲು ನಿಲ್ಲುತ್ತಿದ್ದರು. ಒಲೆಗೆ ಕಲ್ಲಿದ್ದಲು ಹಾಕುವವನು ಇಂಜಿನಿನ ಬಿಸಿನೀರನ್ನು ಒಂದು ಡಬ್ಬಿಗೆ ಬಿಟ್ಟು, ಅದರಲ್ಲಿ ಬಾಟಲಿ ನಿಲ್ಲಿಸಿ, ಬೆಚ್ಚಗೆ ಮಾಡಿ ಕೊಡುತ್ತಿದ್ದ. ನನ್ನ ಗಂಡ ಹಾಗೆ ಬಾಟಲಿ ಹಿಡಿದು ನಿಂತದ್ದು ಬದುಕಿನಲ್ಲಿ ಅದೊಂದೇ ಸಲ. ಆಮೇಲೆ ಸಾಯುವವರೆಗೂ ತಾನೇ ಮಗನನ್ನು ಸಾಕಿದ ಹಾಗೆ ಮಾತಾಡುತ್ತಿದ್ದರು.

ಹೀಗೆ ನಿಮ್ಮ ಚಿತ್ರವನ್ನು ನಂಬಿ ಹೊರಟೆವು. ಫ್ಲಾಸ್ಕಿನ ತುಂಬ ಬಿಸಿನೀರು ತೆಗೆದುಕೊಂಡಿದ್ದೆವು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ನಿಮ್ಮ ವಿಚಾರಣಾಧಿಕಾರಿ ಇದನ್ನೇ ಕೇಳಿದರು. ಬೆಟ್ಟದ ಬುಡದ ನಿಲ್ದಾಣದಲ್ಲಿ ರೈಲು ನಿಂತಿತು. ನಿಂತೇ ಇತ್ತು. ಮೇಲಿನಿಂದ ಅಧಿಕಾರಿಗಳ ವಿಶೇಷ ಬೋಗಿ ಇಳಿದು ಬರುತ್ತಿದೆ, ಅದು ದಾಟುವವರೆಗೆ ಹಳಿ ಸಿಗುವುದಿಲ್ಲ ಎಂದರು. ಕಾಯುತ್ತಾ ಫ್ಲಾಸ್ಕ್ ಬರಿದಾಯಿತು. ಮಧ್ಯಾಹ್ನ ಕಳೆದ ಮೇಲೆ ವಿಶೇಷ ಬೋಗಿ ಬಂತು. ಅದರ ಕಿಟಕಿಗೆ ಪರದೆಗಳಿದ್ದವು, ಒಳಗೆ ಯಾರೋ ನಿದ್ದೆ ಮಾಡುತ್ತಿದ್ದರಂತೆ. ಯಾರೆಂದು ನಾನು ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ.

ರೈಲು ಹತ್ತತೊಡಗಿತು. ಮಗುವಿಗೆ ಹಸಿವಾಯಿತು. ಬಾಟಲಿಯಲ್ಲಿದ್ದ ಹಾಲು ತಣ್ಣಗೆ ಕೊರೆಯುತ್ತಿತ್ತು. ಬೋಗಿಯ ತುದಿಯಲ್ಲಿ ಹೊಳೆಯುವ ಹಿತ್ತಾಳೆಯ ನಲ್ಲಿಯೊಂದಿತ್ತು, ಮೇಲೆ "ಬಿಸಿನೀರು" ಎಂಬ ಫಲಕ. ದೇವರೇ ಕಂಡಷ್ಟು ಸಂತೋಷದಿಂದ ಸೊಸೆ ಎದ್ದು ಹೋದಳು. ಹೋದಷ್ಟೇ ಬೇಗ ವಾಪಸು ಬಂದಳು. ನಲ್ಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿತ್ತು. ಬೋಗಿಯ ಸಹಾಯಕನನ್ನು ಕರೆದು ನಾನೇ ಕೇಳಿದೆ.

"ಇದರಲ್ಲಿ ನೀರು ಬರಲ್ವಾ?"

"ಬರುತ್ತೆ ಅಮ್ಮ."

"ಬಿಸಿ ಇರಲ್ವಾ?"

"ಅಯ್ಯೋ, ಬೆಳಿಗ್ಗೆ ಪರೀಕ್ಷೆ ಮಾಡೋಕೆ ಹೋಗಿ ಕೈ ಸುಟ್ಕೊಂಡಿದ್ದೀನಿ, ನೋಡಿ."

"ಮತ್ತಿನ್ನೇನಪ್ಪ ತೊಂದರೆ?"

"ಉದ್ಘಾಟನೆ ಆಗಿಲ್ಲ. ದೊಡ್ಡ ಸಾಹೇಬ್ರಿಗೆ ಪುರುಸೊತ್ತಾಗಿಲ್ಲ."

"ಅಲ್ಲಪ್ಪ, ಮಗು ಅಳ್ತಿದೆ."

"ನಂಗೂ ಕೇಳಿಸ್ತಿದೆ ಅಮ್ಮ. ನಾನು ರಿಬ್ಬನ್ ಬಿಚ್ಚಿದ್ರೆ ನಾಳೆಯಿಂದ ನನ್ನ ಮಕ್ಕಳು ಅಳ್ತಾರೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದಾಗ ಉಗಿಬಂಡಿ ಇರಲಿಲ್ಲ. ಆದರೆ ಗಾದೆ ಮಾಡಿದವರಿಗೆ ಮುಂದಾಲೋಚನೆ ಇತ್ತು. ಸಹಾಯಕನನ್ನು ನಾನು ದೂರುವುದಿಲ್ಲ. ಅವನು ಹೆದರಿದ್ದು ಸರಿಯೆಂದು ಮುಂದೆ ನೀವೇ ತೋರಿಸಿಕೊಟ್ಟಿರಿ.

ಹಸಿದ ಮಗುವಿನ ಅಳುವಿನಲ್ಲಿ ಒಂದು ಘಟ್ಟವಿದೆ. ಮೊದಲು ಸಿಟ್ಟಿನಿಂದ ಅಳುತ್ತದೆ, ಆಮೇಲೆ ಬೇಡುವಂತೆ ಅಳುತ್ತದೆ, ಆಮೇಲೆ ಸದ್ದು ಕಡಿಮೆಯಾಗುತ್ತದೆ. ಬೋಗಿಯಲ್ಲಿದ್ದವರು ಸದ್ದು ಕಡಿಮೆಯಾಯಿತೆಂದು ಸಮಾಧಾನಪಟ್ಟರು. ಸೊಸೆ ಮಾತ್ರ ಬಿಳಿಚಿಕೊಂಡಳು. ಬಾಟಲಿಯನ್ನು ತನ್ನ ಕಂಕುಳಲ್ಲಿ, ಹೊಟ್ಟೆಯ ಮೇಲೆ, ತೊಡೆಗಳ ನಡುವೆ ಒತ್ತಿ ಹಿಡಿದು ಬೆಚ್ಚಗೆ ಮಾಡಲು ನೋಡಿದಳು. ಅವಳ ಮೈಯೇ ತಣ್ಣಗಿತ್ತು. "ಅತ್ತೆ, ಇಳಿದುಬಿಡೋಣ" ಎಂದಳು. ಎಲ್ಲಿ ಇಳಿಯುವುದು? ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೋಡ.

ಅಷ್ಟರಲ್ಲಿ ರೈಲು ನೀರು ಕುಡಿಯುವ ತಾಣದಲ್ಲಿ ನಿಂತಿತು. ಅಲ್ಲಿ ಪ್ಲಾಟ್‌ಫಾರ್ಮ್ ಇಲ್ಲ. ಕಬ್ಬಿಣದ ಕಂಬ, ಅದಕ್ಕೊಂದು ಕ್ಯಾನ್ವಾಸಿನ ಸೊಂಡಿಲು, ಅಷ್ಟೇ. ನನಗೆ ಹಳೆಯದೆಲ್ಲ ನೆನಪಾಯಿತು. "ಬಾಟಲಿ ತಗೊಂಡು ಇಂಜಿನ್ ಹತ್ರ ಹೋಗೋ" ಎಂದೆ ಮಗನಿಗೆ. "ಅಮ್ಮ, ಈಗೆಲ್ಲ ಹಾಗೆ ಮಾಡ್ತಾರಾ? ಬೈತಾರೆ" ಎಂದ. ಬೈಗುಳಕ್ಕೆ ಹೆದರುವ ವಯಸ್ಸು ಅವನದು, ನನ್ನದಲ್ಲ. ಬಾಟಲಿ ಕಿತ್ತುಕೊಂಡು, ಹಳಿಯ ಪಕ್ಕದ ಜಲ್ಲಿಯ ಮೇಲೆ ಕಾಲು ಹೊರಳಿಸಿಕೊಳ್ಳುತ್ತಾ ನಡೆದೆ.

ಇಂಜಿನಿನಲ್ಲಿ ಇಬ್ಬರಿದ್ದರು. ಚಾಲಕರು ವಯಸ್ಸಾದವರು. ಇನ್ನೊಬ್ಬ ಸೊಂಡಿಲನ್ನು ತೊಟ್ಟಿಗೆ ಸಿಕ್ಕಿಸಿ, ನೀರು ತುಂಬುವುದನ್ನು ಕಾಯುತ್ತಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ನಿಮ್ಮ ಕಡತದ ಭಾಷೆಯಲ್ಲಿ ಫೈರ್‌ಮನ್. ನಮ್ಮ ಮನೆಯ ಮಾತಿನಲ್ಲಿ ಒಲೆಯವನು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಬಾಟಲಿ ಕಂಡದ್ದೇ ಮೇಲಿನಿಂದ ಕೈ ಚಾಚಿದ.

"ಕೊಡಿ ಅಮ್ಮ. ದೊರೆಯ ಹಾಲೋ, ದೊರೆಸಾನಿಯ ಹಾಲೋ?"

"ದೊರೆಸಾನಿದು" ಎಂದೆ. ಆ ದಿನದಿಂದ ಅವಳಿಗೆ ಮನೆಯಲ್ಲಿ ಅದೇ ಹೆಸರು.

ಒಳಗೆ ಕೊಕ್ಕೆಗೆ ತೂಗುಹಾಕಿದ್ದ ಒಂದು ಡಬ್ಬಿ ತೆಗೆದ. ನೆಗ್ಗಿ ನುಗ್ಗಾದ ತಗಡು; ಆದರೆ ಒಳಗೆ ಕನ್ನಡಿಯ ಹಾಗೆ ಉಜ್ಜಿತ್ತು. ಎಲ್ಲೋ ಒಂದು ತಿರುಪು ತಿರುಗಿಸಿದ. ನೆಲಕ್ಕೆ ಸೋರಿ ಹೋಗುತ್ತಿದ್ದ ಬಿಸಿನೀರು ಡಬ್ಬಿಗೆ ಸೋರಿತು. ಬಾಟಲಿಯನ್ನು ಅದರೊಳಗೆ ನಿಲ್ಲಿಸಿದ.

"ಇಂಥದ್ದೇ ಡಬ್ಬಿ ಆಗಲೂ ಇತ್ತು" ಎಂದೆ ನಾನು.

"ಇಂಥದ್ದೇ ಅಲ್ಲ, ಇದೇ. ತೊಟ್ಟಿಲ ಡಬ್ಬಿ ಅಂತಾರೆ. ಹಳಬರು ಹೊಸಬರಿಗೆ ಕೊಟ್ಟು ಹೋಗ್ತಾರೆ. ಇದರಲ್ಲಿ ಹಾಲಿನ ಬಾಟಲಿ ಬಿಟ್ರೆ ಬೇರೇನೂ ಇಡೋ ಹಾಗಿಲ್ಲ. ಚಹಾ ಕಾಯಿಸಿದ್ರೆ ಮಾಮ ಕೈ ಮುರೀತಾರೆ."

"ಒಬ್ಬಂದು ಮುರಿದಿದ್ದೀನಿ" ಎಂದರು ಚಾಲಕರು ಆ ಕಡೆಯಿಂದಲೇ. "ಮಾತು ಸಾಕು, ನೀರು ತುಂಬ್ತಾ ಬಂತು. ಒಂದು ಗಾಡಿ ಜನ ಕಾಯ್ತಿದ್ದಾರೆ."

"ಗಾಡಿ ಜನ ಕಾಯ್ತಾರೆ ಮಾಮ. ದೊರೆಸಾನಿ ಕಾಯಲ್ಲ."

ಬಾಟಲಿ ತೆಗೆದು ಒರೆಸಿದ. "ನಿಮ್ಮ ಕೈ ಹಿಡೀರಿ ಅಮ್ಮ. ನನ್ನ ಕೈಗೆ ಬಿಸಿ ಗೊತ್ತಾಗಲ್ಲ, ಬೆಂಕಿ ತಿಂದು ತಿಂದು ಸತ್ತಿದೆ." ನನ್ನ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟ. ಹದವಾಗಿತ್ತು. ನಾನು ಬೋಗಿ ಮುಟ್ಟುವುದಕ್ಕೂ ಇಂಜಿನ್ ಸಿಳ್ಳೆ ಹಾಕುವುದಕ್ಕೂ ಸರಿಹೋಯಿತು. ಮಗು ಬಾಟಲಿ ಖಾಲಿ ಮಾಡಿ, ಅಂಥದ್ದೇನೂ ನಡೆದಿಲ್ಲವೆಂಬಂತೆ ನಿದ್ದೆ ಹೋಯಿತು. ಬೆಟ್ಟದ ಮೇಲೆ ಬಾಡಿಗೆಗೆ ಹಿಡಿದ ಕೋಣೆಯ ಕಿಟಕಿಯಿಂದ ಕಣಿವೆ ಕಾಣುತ್ತಿತ್ತು. ಸೊಸೆ ಅದನ್ನು ನೋಡಿದ್ದು ಮರುದಿನ ಮಧ್ಯಾಹ್ನ. ಅಲ್ಲಿಯವರೆಗೆ ಅವಳೂ ನಿದ್ದೆ ಮಾಡಿದಳು. ಹೆರಿಗೆಯಾದಂದಿನಿಂದ ಅದು ಅವಳ ಮೊದಲ ನಿದ್ದೆ.

ಇಂಥ ಮನುಷ್ಯನ ಬಗ್ಗೆ ಒಂದು ಒಳ್ಳೆಯ ಮಾತು ಬರೆಯದಿದ್ದರೆ ಅನ್ನ ಜೀರ್ಣವಾಗುವುದಿಲ್ಲವೆಂದು, ಊರಿಗೆ ಬಂದವಳೇ ನಿಮಗೆ ಪತ್ರ ಬರೆದೆ. ಚೆನ್ನಾಗಿಯೇ ಬರೆದೆ. ಡಬ್ಬಿಯ ಹೊಳಪು, ಹನಿಯ ಹದ, "ದೊರೆಸಾನಿ ಕಾಯಲ್ಲ" ಎಂದ ಮಾತು, ಒಂದನ್ನೂ ಬಿಡಲಿಲ್ಲ. "ಸೂಕ್ತ ಕ್ರಮಕ್ಕಾಗಿ ಕಳುಹಿಸಲಾಗಿದೆ" ಎಂದು ಉತ್ತರ ಬಂತು. ಮೂರ್ನಾಲ್ಕು ತಿಂಗಳಾದ ಮೇಲೆ ಇನ್ನೊಂದು ಕಾಗದ ಬಂತು: ತಮ್ಮ ಪತ್ರದಲ್ಲಿ ಹೇಳಿರುವ ಸಿಬ್ಬಂದಿಯ ವಿಷಯವಾಗಿ ಇಂಥ ದಿನ ಸಭೆ ಇದೆ, ತಾವು ಖುದ್ದಾಗಿ ಹಾಜರಿರಬೇಕು, ತಪ್ಪಿದಲ್ಲಿ ಮುಂದಿನ ಕ್ರಮಕ್ಕೆ ತಾವೇ ಹೊಣೆ.

ಸನ್ಮಾನವೆಂದುಕೊಂಡೆ. ನಗಬೇಡಿ. ಮಗ ಎಚ್ಚರಿಸಿದ: "ಅಮ್ಮ, ಸನ್ಮಾನಕ್ಕೆ ಕರೆಯೋರು 'ತಪ್ಪಿದಲ್ಲಿ' ಅಂತ ಬರೀತಾರಾ?" "ಸರ್ಕಾರದೋರಿಗೆ ನಗ್ತಾ ಬರೆಯೋಕೆ ಬರಲ್ಲ ಕಣೋ" ಎಂದು ಅವನ ಬಾಯಿ ಮುಚ್ಚಿಸಿದೆ. ಒಲೆಯವನಿಗೆಂದು ಕುತ್ತಿಗೆಗೆ ಸುತ್ತುವ ಉಣ್ಣೆಯ ಪಟ್ಟಿ ಹೆಣೆದೆ. ಮಸಿ ಕಾಣದಿರಲೆಂದು ಕಪ್ಪು ಬಣ್ಣದ್ದು. ಮದುವೆ ಮನೆಗೆ ಹೋಗುವ ಬಟ್ಟೆ ಉಟ್ಟೆ. ಸೊಸೆಯನ್ನೂ ದೊರೆಸಾನಿಯನ್ನೂ ಕರೆದುಕೊಂಡು ಹೋದೆ. ಮಗುವಿನ ಕೈಯಿಂದಲೇ ಅವನಿಗೆ ಕೊಡಿಸೋಣವೆಂದು.

ಕೋಣೆಯಲ್ಲಿ ಹೂವಿರಲಿಲ್ಲ. ಒಂದು ಮೇಜು, ವಿಚಾರಣಾಧಿಕಾರಿ, ಟೈಪು ಮಾಡುವವಳು. ಗೋಡೆಯ ಮೇಲೆ ನಿಮ್ಮ ಅದೇ ಚಿತ್ರ: ಹಸಿರು ಇಂಜಿನ್, ಹಾಲಿನ ಬಾಟಲಿ, ನಗುವ ಮಗು. ಅದರ ಕೆಳಗಿನ ಸ್ಟೂಲಿನ ಮೇಲೆ, ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ಕೂತಿದ್ದವನನ್ನು ನಾನು ಮೊದಲು ಗುರುತಿಸಲಿಲ್ಲ. ಅವನೇ ನನ್ನನ್ನು ಗುರುತಿಸಿ, ಮಗುವಿನ ಕಡೆ ತಿರುಗಿದ. "ಓಹೋ, ದೊರೆಸಾನಿಯೋರು! ಈಗ ತಣ್ಣಗಿಂದು ಕುಡೀತಾರಾ?" ಎಂದ. ಮೇಜಿನ ಮೇಲೆ ತೊಟ್ಟಿಲ ಡಬ್ಬಿ ಇತ್ತು. ಅದರ ಕಿವಿಗೆ ದಾರ ಕಟ್ಟಿ ಚೀಟಿ ಅಂಟಿಸಿದ್ದರು.

ವಿಚಾರಣಾಧಿಕಾರಿ ನನ್ನ ಪತ್ರವನ್ನು ಗಟ್ಟಿಯಾಗಿ ಓದಿದರು. ಚೆನ್ನಾಗಿ ಓದಿದರು, ಅದನ್ನೂ ಹೇಳಬೇಕು. ನಾನು ಪ್ರೀತಿಯಿಂದ ಬರೆದ ಒಂದೊಂದು ಸಾಲೂ ಅವರ ಬಾಯಲ್ಲಿ ಒಂದೊಂದು ಆರೋಪವಾಗಿ ಹೊರಗೆ ಬಂತು. ಇಂಜಿನಿನ ಬಿಸಿನೀರಿನ ಖಾಸಗಿ ಬಳಕೆ. ಅನಧಿಕೃತ ಪಾತ್ರೆ. ಕರ್ತವ್ಯದ ವೇಳೆಯಲ್ಲಿ ಪ್ರಯಾಣಿಕರೊಂದಿಗೆ ಹರಟೆ. ಚಾಲಕರ ಎಚ್ಚರಿಕೆಗೆ ಉಡಾಫೆಯ ಉತ್ತರ.

"ಇದನ್ನ ಬರೆದೋರು ನೀವೇ ತಾನೇ?"

"ಹೌದು. ಆದ್ರೆ ಹೊಗಳಿ ಬರೆದಿದ್ದೀನಿ."

"ಹೊಗಳಿದ್ದೀರೋ ತೆಗಳಿದ್ದೀರೋ ನಮಗೆ ಸಂಬಂಧ ಇಲ್ಲ ಅಮ್ಮ. ನಡೆದದ್ದು ನಿಜಾನಾ? ನೀವು ಫ್ಲಾಸ್ಕ್ ಯಾಕೆ ತರಲಿಲ್ಲ?"

ಆಗ ನಾನು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದೆ. ಅಚ್ಚಾದ ಅಕ್ಷರ ಸುಳ್ಳು ಹೇಳಬಾರದೆಂದು ಬದುಕಿದವಳು, "ಅದೆಲ್ಲ ಸುಳ್ಳು" ಎಂದೆ. "ನನಗೆ ಕಥೆ ಕಟ್ಟೋ ಚಟ. ಅವನು ಬಾಟಲಿ ಮುಟ್ಟೇ ಇಲ್ಲ. ಆ ಡಬ್ಬಿ ನಾನು ನೋಡೇ ಇಲ್ಲ."

ಟೈಪು ನಿಂತಿತು. ವಿಚಾರಣಾಧಿಕಾರಿಗಳ ಮುಖದ ಮೇಲೆ ಒಂದು ಕ್ಷಣ ಆಸೆಯಂಥದ್ದೇನೋ ಕಂಡಿತು. ಅವರಿಗೂ ಈ ಕೆಲಸ ಬೇಕಿರಲಿಲ್ಲವೇನೋ. ಅವರು ಒಲೆಯವನ ಕಡೆಗೆ ತಿರುಗಿ, "ಏನಪ್ಪ, ಅಮ್ಮ ಹೇಳ್ತಿರೋದು ಸರೀನಾ?" ಎಂದರು. ಅವನು ಹೂಂ ಎಂದಿದ್ದರೆ ಎಲ್ಲ ಮುಗಿಯುತ್ತಿತ್ತು.

ಅವನು ಸೊಸೆಯ ಹೆಗಲ ಮೇಲಿದ್ದ ಮಗುವನ್ನು ನೋಡಿದ. "ಬೇಡ ಅಮ್ಮ, ಬಿಡಿ. ಹಾಲು ಬೆಚ್ಚಗೆ ಮಾಡಿಕೊಟ್ಟಿದ್ದು ನಾನೇ. ಅದನ್ನ ಇಲ್ಲ ಅಂದ್ರೆ ಆ ಡಬ್ಬಿಗೆ ಏನು ಮರ್ಯಾದೆ? ನನ್ನ ಕೈಗೆ ಕೊಟ್ಟು ಹೋದೋರು ಕೇಳಿದ್ರೆ ಏನು ಹೇಳ್ಲಿ?" ಎಂದ.

ಟೈಪು ಮತ್ತೆ ಶುರುವಾಯಿತು. ನಾನು ಹೆಣೆದ ಪಟ್ಟಿ ಚೀಲದಲ್ಲೇ ಉಳಿಯಿತು. ಯಾವ ಮುಖ ಇಟ್ಟುಕೊಂಡು ಕೊಡಲಿ?

ತೀರ್ಪು ನಿಮ್ಮ ರುಜುವಿನೊಂದಿಗೆ ಬಂತು. ಅವನಿಗೆ ಇಂಜಿನ್ ಹತ್ತುವ ಹಕ್ಕಿಲ್ಲ. ಬಯಲಿನ ಯಾರ್ಡಿನಲ್ಲಿ ಬೋಗಿ ತೊಳೆಯುವ ಕೆಲಸ. ಚಾಲಕರ ಪರೀಕ್ಷೆಗೆ ಕೂರುವಂತಿಲ್ಲ. ಕಡೆಯದೇ ಅವನನ್ನು ನಿಜವಾಗಿ ಕೊಂದದ್ದು. ಒಲೆಯ ಮುಂದೆ ಮೈ ಸುಟ್ಟುಕೊಳ್ಳುವವರೆಲ್ಲ ಒಂದು ದಿನ ಆ ಕಡೆಯ ಕುರ್ಚಿಗೆ ದಾಟುತ್ತೇನೆಂದು ಸುಟ್ಟುಕೊಳ್ಳುತ್ತಾರೆ. ಅವನು ಆ ವರ್ಷವೇ ದಾಟಬೇಕಿತ್ತು. ಚಾಲಕರು, ಅವನ ಮಾಮ, ತಾನೇ ಅನುಮತಿ ಕೊಟ್ಟೆನೆಂದು ಬರೆದುಕೊಟ್ಟರಂತೆ. "ಪರಿಗಣಿಸಲು ಕಾರಣಗಳಿಲ್ಲ" ಎಂದಿರಿ.

ನೀವು ಹೇಳಬಹುದು: ನಿಯಮ ಇರುವುದು ಸುರಕ್ಷತೆಗಾಗಿ, ಇಂಜಿನಿನ ನೀರಿನ ಬಿಸಿ ಹಸುಳೆಯ ಬಾಯಿ ಸುಟ್ಟಿದ್ದರೆ, ಮುದುಕಿಯೊಬ್ಬಳು ಹಳಿಯ ಪಕ್ಕದಲ್ಲಿ ಬಿದ್ದಿದ್ದರೆ ಯಾರು ಹೊಣೆ? ಸರಿಯಾದ ಪ್ರಶ್ನೆ. ಮುದುಕಿ ಹಳಿಯ ಪಕ್ಕ ನಡೆದದ್ದು ತಪ್ಪು. ಹಾಗಾದರೆ ಮುದುಕಿಗೆ ದಂಡ ಹಾಕಿ. ಅವನು ನನ್ನನ್ನು ಕರೆಯಲಿಲ್ಲ, ನಾನೇ ಹೋದೆ. ಹೋಗುವಂತೆ ಮಾಡಿದ್ದು ರಿಬ್ಬನ್ ಕಟ್ಟಿದ ನಿಮ್ಮ ನಲ್ಲಿ. ಅದಕ್ಕೂ ಮೊದಲು, ಪರದೆ ಎಳೆದುಕೊಂಡು ಇಳಿದು ಬಂದ ನಿಮ್ಮ ಬೋಗಿ. ಅದಕ್ಕೂ ಮೊದಲು, ಗೋಡೆಯ ಮೇಲಿನ ನಿಮ್ಮ ಚಿತ್ರ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಅಂತಾರಲ್ಲ, ಆ ಗಾಳಕ್ಕೆ ಸಿಕ್ಕ ಮೀನು ನಾವು. ಆದರೆ ಕೊಯ್ದದ್ದು ಅವನನ್ನು. ಮಗುವಿಗೆ ಹಾಲು ಕೊಡುವ ಒಲೆಯವನ ಚಿತ್ರ ತೋರಿಸಿ ಟಿಕೆಟ್ ಮಾರುವುದು, ಹಾಲು ಕೊಟ್ಟ ಒಲೆಯವನನ್ನು ಇಳಿಸುವುದು: ಒಂದೇ ಇಲಾಖೆ ಈ ಎರಡನ್ನೂ ಮಾಡುವಾಗ ಅದರ ಎಡಗೈಗೆ ಬಲಗೈಯ ಪರಿಚಯವಿಲ್ಲವೇ, ಅಥವಾ ಎರಡಕ್ಕೂ ಚೆನ್ನಾಗಿ ಪರಿಚಯವಿದ್ದು ಮಾತಾಡಿಕೊಂಡೇ ಮಾಡುತ್ತವೆಯೇ?

ಇಷ್ಟಾದ ಮೇಲೆ ಮೊನ್ನೆ ನಿಮ್ಮ ಕಚೇರಿಯಿಂದ ಫೋನು.

"ಮೇಡಂ, ನಮ್ಮ ನಲ್ಲಿ ಉದ್ಘಾಟನೆಗೆ ಒಂದು ಪಾಪು ಬೇಕಿತ್ತು. ನಿಮ್ಮ ಪಾಪು ನಮ್ಮ ಫೈಲಲ್ಲಿದೆ."

"ನಮ್ಮ ಪಾಪು ನಮ್ಮ ಮನೇಲಿದೆಯಮ್ಮ" ಎಂದೆ.

"ಅಲ್ಲ ಮೇಡಂ, ಬಿಸಿನೀರಿಲ್ದೆ ಕಷ್ಟಪಟ್ಟ ಕುಟುಂಬ ಅಂತ ದಾಖಲೆ ಇದೆ. ಸಾಹೇಬ್ರೇ ಕುಡಿಸ್ತಾರೆ. ಫೋಟೋಗೆ ಬಿಳಿ ಬಟ್ಟೆ ಹಾಕಿ, ಚೆನ್ನಾಗಿ ಬರುತ್ತೆ."

"ಆ ದಿನ ಹಾಲು ಬೆಚ್ಚಗೆ ಮಾಡಿಕೊಟ್ಟೋನನ್ನೂ ಕರೀತೀರಾ?"

ಕಾಗದ ಮಗುಚುವ ಸದ್ದು. "ಅದು ಶಿಸ್ತಿನ ವಿಭಾಗ ಮೇಡಂ. ಆ ಫೈಲ್ ಬೇರೆ."

ಫೈಲ್ ಬೇರೆ! ಒಂದೇ ಮಧ್ಯಾಹ್ನ, ಒಂದೇ ಬಾಟಲಿ, ಒಂದೇ ಗುಟುಕು. ಅದನ್ನು ನೀವು ಎರಡು ಕಡತ ಮಾಡಿಟ್ಟಿದ್ದೀರಿ. ಒಂದರಲ್ಲಿ ಅಪರಾಧಿ, ಇನ್ನೊಂದರಲ್ಲಿ ಅತಿಥಿ. ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಆ ಗಾದೆಯ ಮೊದಲರ್ಧ ಒಲೆಯವನಿಗೆ ಅರ್ಥವಾಗಿದೆ. ಉಳಿದರ್ಧ ನಿಮ್ಮ ನಲ್ಲಿಗೆ.

ನನ್ನ ಬೇಡಿಕೆ ದೊಡ್ಡದಲ್ಲ. ಅವನನ್ನು ಇಂಜಿನಿಗೆ ಹತ್ತಿಸಿ. ಪರೀಕ್ಷೆಗೆ ಕೂರಿಸಿ, ತೇರ್ಗಡೆಯಾಗುವುದು ಬಿಡುವುದು ಅವನಿಗೆ ಬಿಟ್ಟದ್ದು. ಡಬ್ಬಿಯ ಕಿವಿಯಿಂದ ಚೀಟಿ ಕಿತ್ತು, ಅದನ್ನು ಅದರ ಕೊಕ್ಕೆಗೆ ಮರಳಿಸಿ. ಇದು ಆಗದಿದ್ದರೆ, ಎಲ್ಲ ನಿಲ್ದಾಣಗಳ ಗೋಡೆಯಿಂದ ಆ ಚಿತ್ರವನ್ನು ಇಳಿಸಿ, ಜೊತೆಗೆ ನನ್ನ ಮೆಚ್ಚುಗೆಯ ಪತ್ರವನ್ನು ನನಗೆ ವಾಪಸು ಕೊಡಿ. ಮಾತಿಗೆ ಹೇಳುತ್ತಿಲ್ಲ, ಆ ಕಾಗದ ನನಗೆ ಬೇಕು. ಅದರಲ್ಲಿ ಅವನ ಮಾತುಗಳಿವೆ. ಅವು ನಿಮ್ಮ ಕಪಾಟಿನಲ್ಲಿ ಇರತಕ್ಕವಲ್ಲ.

ಉದ್ಘಾಟನೆಯ ದಿನ ನಾವು ಎಲ್ಲಿರುತ್ತೇವೆಂದೂ ತಿಳಿಸಿಬಿಡುತ್ತೇನೆ, ನಿಮ್ಮ ಫೋಟೋದವನು ಹುಡುಕುವುದು ಬೇಡ. ಫೋನು ಇಟ್ಟ ಮೇಲೆ ಸೊಸೆ ಮಗುವಿನ ಬಟ್ಟೆಯ ಪೆಟ್ಟಿಗೆ ತೆರೆದಳು. ಆಮೇಲೆ, "ಅತ್ತೆ, ಮಗುಗೆ ಬಿಳಿ ಬಟ್ಟೆ ಹಾಕೋಣ, ಹೋಗೋಣ. ಅಲ್ಲಿಗಲ್ಲ" ಎಂದಳು. ನೀವು ಬೆಟ್ಟದಲ್ಲಿ ಕತ್ತರಿ ಹಿಡಿದು ನಿಂತಿರುವ ಹೊತ್ತಿಗೆ ನಾವು ಬಯಲಿನಲ್ಲಿ, ಬೋಗಿ ತೊಳೆಯುವ ಯಾರ್ಡಿನ ಗೇಟಿನ ಹೊರಗೆ, ಅವನ ಊಟದ ಬಿಡುವನ್ನು ಕಾಯುತ್ತಿರುತ್ತೇವೆ. ಹೆಣೆದ ಪಟ್ಟಿಯನ್ನು ಈ ಸಲ ಕೊಟ್ಟೇ ಬರುತ್ತೇನೆ. ದೊರೆಸಾನಿ ಈಗ ಗೋಡೆ ಹಿಡಿದು ನಿಲ್ಲುತ್ತಾಳೆ, ತಣ್ಣಗಿನ ಹಾಲನ್ನೂ ಕುಡಿಯುತ್ತಾಳೆ. ಆದರೂ ಆ ದಿನ ಅವಳಿಗೆ ಬಾಟಲಿ ಬೆಚ್ಚಗೆ ಮಾಡಿ ಕುಡಿಸುವವನು ಅವನೇ. ಹದ ನೋಡಲು ನನ್ನ ಕೈ ಇದೆ. ಬಿಸಿನೀರನ್ನು ನಮ್ಮ ಮನೆಯಿಂದ ಫ್ಲಾಸ್ಕಿನಲ್ಲಿ ತರುತ್ತೇವೆ, ಪಾತ್ರೆಯೂ ನಮ್ಮದೇ, ನಿಲ್ಲುವುದು ಸಾರ್ವಜನಿಕ ರಸ್ತೆಯಲ್ಲಿ. ನಿಮ್ಮ ಇಲಾಖೆಯ ಆಸ್ತಿ ಅದರಲ್ಲಿ ಒಂದು ಹನಿಯೂ ಇರುವುದಿಲ್ಲ. ಬೇಕಿದ್ದರೆ ಯಾರನ್ನಾದರೂ ಕಳಿಸಿ ಬರೆದುಕೊಳ್ಳಿ.

ಇಂತಿ,
ನಿಮ್ಮ ಇಲಾಖೆಯ ಒಬ್ಬ ಒಳ್ಳೆಯವನನ್ನು ಹೊಗಳಿ ಹಾಳು ಮಾಡಿದ,
ದೊರೆಸಾನಿಯ ಅಜ್ಜಿ